ಕಚ್ಚಿಟ್ಟ ರೊಟ್ಟಿಗಳ ಗೋಡೆ ಮತ್ತು ನಮ್ಮ ಸನೋಬರ್ ಓಪಾ

ಫರ್ಗಾನಾ ಕಣಿವೆಯಲ್ಲಿ ಒಳ್ಳೆಯ ಚಿತ್ರ ಬರೆದವರು ಯಾರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿಯಾರು. ಆ ಚಿತ್ರಗಳು ಇವತ್ತಿಗೂ ಗೋಡೆಯ ಮೇಲೆ ಉಳಿದಿರುವುದು ಯಾರಿಂದ ಎಂದು ಕೇಳಿದರೆ ಮಾತ್ರ, ಕನಿಷ್ಠ ನಮ್ಮ ಓಕ್‌ಬುಲಾಕ್ ಪಟ್ಟಣದಲ್ಲಿ, ಉತ್ತರ ಒಂದೇ. ಪಟ್ಟಣದ ಕಲಾ ಸಂಗ್ರಹಾಲಯದಲ್ಲಿ ಉಗ್ರಾಣದ ಸಹಾಯಕಿಯಾಗಿ ಸೇರಿ, ನಿರ್ದೇಶಕಿಯಾಗಿ ಈ ವಸಂತದಲ್ಲಿ ನಿವೃತ್ತರಾದ ಶ್ರೀಮತಿ ಸನೋಬರ್ ಕೋಸಿಮೋವಾ ಅವರನ್ನು ಊರಿಗೆ ಊರೇ ಸನೋಬರ್ ಓಪಾ ಎಂದು ಕರೆಯುತ್ತದೆ. ಓಪಾ ಎಂದರೆ ಅಕ್ಕ. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಮುದುಕರೂ ಹಾಗೆಯೇ ಕರೆಯುತ್ತಾರೆಂದ ಮೇಲೆ ಅದು ವಯಸ್ಸಿಗೆ ಸಂದ ಗೌರವವಲ್ಲ, ದುಡಿಮೆಗೆ ಸಂದದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಅಭಿನಂದನ ಗ್ರಂಥಕ್ಕೆ ಬರೆಯುವವರು ಧಾರಾಳವಾಗಿ ಹೊಗಳಬೇಕೆಂಬುದು ರೂಢಿ. ಆದರೆ ಹೊಗಳಿಕೆ ಓಪಾ ಅವರಿಗೆ ಆಗಿಬರುವುದಿಲ್ಲ. ಸಭೆಯಲ್ಲಿ ಯಾರಾದರೂ ಅವರನ್ನು ಹೊಗಳಲು ಶುರು ಮಾಡಿದರೆ ಕಿಟಕಿ ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು ಎದ್ದು ಹೋಗುತ್ತಾರೆ. ಈ ಲೇಖನವನ್ನೂ ಅವರು ಕೆಂಪು ಪೆನ್ಸಿಲ್ ಹಿಡಿದೇ ಓದುತ್ತಾರೆಂದು ನನಗೆ ಗೊತ್ತು. ಆದ್ದರಿಂದ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ನನ್ನ ವಾಕ್ಯಗಳು ಉದ್ದವಾದರೆ ಅದು ಹುಟ್ಟುಗುಣ. ನನ್ನ ಗುರುವಾದ ಓಪಾ ಅವರ ಪ್ರಯತ್ನದಲ್ಲಿ ಕೊರತೆಯಿರಲಿಲ್ಲ.

ನಾನು ಸಂಗ್ರಹಾಲಯಕ್ಕೆ ಸೇರಿದ್ದು ಚಿತ್ರಗಳ ಕೆಳಗಿನ ಫಲಕಗಳನ್ನು ಬರೆಯುವವನಾಗಿ. ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಿದ್ದಿದ್ದ ಹುಮ್ಮಸ್ಸಿನಲ್ಲಿ ಒಂದು ಸಣ್ಣ ಭೂದೃಶ್ಯದ ಕೆಳಗೆ ಅದಕ್ಕಿಂತ ದೊಡ್ಡದಾದ ಫಲಕ ಬರೆದು, ಬೆಳಕು, ನೆರಳು, ಇತಿಹಾಸ, ತತ್ತ್ವ ಎಲ್ಲವನ್ನೂ ತುಂಬಿ ಒಪ್ಪಿಸಿದೆ. ಓಪಾ ಪೂರ್ತಿ ಓದಿದರು. ಆಮೇಲೆ ಚಿತ್ರವನ್ನು ಕರುಣೆಯಿಂದ ನೋಡಿ, "ಎಲ್ಲಾ ನೀನೇ ಹೇಳ್ಬಿಟ್ಟಿದೀಯ ಶೆರ್ಜೋದ್. ಈ ಬಡಪಾಯಿ ಚಿತ್ರ ಇನ್ನೇನ್ ಮಾಡ್ಬೇಕು?" ಎಂದರು. ಕೊನೆಗೆ ಉಳಿದದ್ದು ಚಿತ್ರಕಾರನ ಹೆಸರು, ಊರು, ಇಸವಿ. ಅಂದಿನಿಂದ ನಾನು ಬರೆದದ್ದೆಲ್ಲ ಅವರ ಮೇಜಿನ ಮೇಲೆ ಸ್ನಾನ ಮಾಡಿಯೇ ಹೊರಗೆ ಬರುತ್ತಿತ್ತು.

ಅವರ ಉಪಕಾರಗಳೂ ಹೀಗೆಯೇ, ಚಿಕ್ಕ ಮಾತಿನವು. ನನ್ನ ಮೊದಲ ಮಗಳು ಹುಟ್ಟಿದ್ದು ಗ್ಯಾಸ್ ನಿಂತುಹೋದ ಒಂದು ಕೆಟ್ಟ ಚಳಿಗಾಲದಲ್ಲಿ. ಮನೆಯ ಗೋಡೆಯ ಒಳಬದಿಯಲ್ಲೇ ಮಂಜು ಹೆಪ್ಪುಗಟ್ಟುತ್ತಿತ್ತು. ಇಡೀ ಸಂಗ್ರಹಾಲಯಕ್ಕೆ ಇದ್ದದ್ದು ಒಂದೇ ಹೀಟರ್. ಉಗ್ರಾಣದ ಚಿತ್ರಗಳಿಗೆ ತೇವ ತಗಲದಿರಲೆಂದು ಇಟ್ಟದ್ದು. ಅದನ್ನು ನಮ್ಮ ಹಿರಿಯ ಕಾವಲುಗಾರ, ಎಲ್ಲರೂ ಅಕಾ ಅಂದರೆ ಅಣ್ಣ ಎನ್ನುವ ಖೋಲ್‌ಮತ್ ಅಕಾ ಅವರ ತಲೆಯ ಮೇಲೆ ಹೊರಿಸಿ ನನ್ನ ಮನೆಗೆ ಕಳಿಸಿದರು. ನಾನು ಗಾಬರಿಯಿಂದ ಓಡಿ ಬಂದು ಚಿತ್ರಗಳ ಗತಿ ಏನೆಂದು ಕೇಳಿದ್ದಕ್ಕೆ, ಚಿತ್ರಗಳು ಇದಕ್ಕಿಂತ ಕೆಟ್ಟ ಚಳಿಗಾಲ ಕಂಡಿವೆ, ನಿನ್ನ ಮಗಳು ಕಂಡಿಲ್ಲ ಎಂದಷ್ಟೇ ಹೇಳಿ, ಹಳೆಯ ಕಂಬಳಿಗಳನ್ನು ತಂದು ಚಿತ್ರಗಳಿಗೆ ಹೊದಿಸುವ ಕೆಲಸಕ್ಕೆ ನನ್ನನ್ನೇ ಹಚ್ಚಿದರು. ಆ ಮಗಳು ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಚಿತ್ರಗಳೂ ಚೆನ್ನಾಗಿಯೇ ಇವೆ.

ಓಪಾ ಎರಡು ಕಾಲದ ಕತ್ತರಿಗಳನ್ನು ಕಂಡವರು. ಅವರು ಸೇರಿದ ಹೊಸತರಲ್ಲಿ, ಸೋವಿಯತ್ ದಿನಗಳಲ್ಲಿ, ಮಲ್ಬೆರಿ ಮರದ ಕೆಳಗೆ ನಮಾಜು ಮಾಡುತ್ತಿರುವ ಅಜ್ಜನ ಚಿತ್ರವೊಂದನ್ನು ದೇವರು ಇದ್ದಾನೆಂಬ ಕಾರಣಕ್ಕೆ ಗೋಡೆಯಿಂದ ಇಳಿಸಬೇಕಾಯಿತು. ಆ ಕಾಲ ಹೋಗಿ ಹೊಸ ಕಾಲ ಬಂದ ಮೇಲೆ, ಹಮಾಮಿನಲ್ಲಿ ಬೆನ್ನು ತೊಳೆಯುತ್ತಿರುವ ಹೆಂಗಸಿನ ಚಿತ್ರವನ್ನು ದೇವರ ಭಯ ಇಲ್ಲವೆಂಬ ಕಾರಣಕ್ಕೆ ಇಳಿಸಬೇಕಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಈ ಸ್ಥಿತಿಯಲ್ಲಿ ಓಪಾ ಯಾರೊಡನೆಯೂ ವಾದ ಮಾಡಲಿಲ್ಲ. ಎರಡನ್ನೂ ಒಂದೇ ಬೀರುವಿನಲ್ಲಿ ನಿಲ್ಲಿಸಿ, ನಡುವೆ ಬಿಳಿಯ ಹತ್ತಿಬಟ್ಟೆಯೊಂದನ್ನು ಇಳಿಬಿಟ್ಟರು. ಪರದೆ ಯಾಕೆಂದು ಕೇಳಿದೆ.

"ಪಾಪ, ಅಜ್ಜಂಗೆ ನಮಾಜ್ ಮಧ್ಯೆ ಗಮನ ಆ ಕಡೆ ಹೋಗ್ಬಾರ್ದಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಬೀರುವಿನ ಮೂಲೆಗೆ ಗೆದ್ದಲಿನ ಮದ್ದು ಉದುರಿಸುತ್ತಾ, "ಸಾಹೇಬ್ರು ಬರ್ತಾರೆ, ಹೋಗ್ತಾರೆ. ಗೆದ್ದಲು ಮಾತ್ರ ವರ್ಗ ಆಗಲ್ಲ. ನಾವು ಗೆದ್ದಲು ನೋಡ್ಕೊಳ್ಳೋಣ" ಎಂದರು. ಇಷ್ಟೇ ಅವರ ಕಲಾನೀತಿ. ಇದರ ಮೇಲೆ ಯಾವ ವಿದ್ವಾಂಸರಾದರೂ ಗ್ರಂಥ ಬರೆಯಬಹುದು. ಓಪಾ ಅದನ್ನು ಎರಡು ಸಾಲಿಗೆ ಇಳಿಸಿಕೊಡುತ್ತಾರೆ.

ಕಾಯುತ್ತಾ ಕೂತು ಗೆಲ್ಲುವುದೊಂದೇ ಅವರಿಗೆ ಗೊತ್ತಿರುವ ದಾರಿ ಎಂದು ನಾನು ಬಹಳ ದಿನ ತಿಳಿದಿದ್ದೆ. ಎದುರು ನಿಲ್ಲುವುದೂ ಗೊತ್ತು ಎಂಬುದು ತಿಳಿದದ್ದು ರೊಟ್ಟಿಗಳ ಪ್ರದರ್ಶನದ ವರ್ಷ.

ಮಫ್ತುನಾ ಎಂಬ ಹುಡುಗಿ ನಮ್ಮೂರ ಪೇಟೆಯ ರೊಟ್ಟಿ ಸುಡುವವರ ಮಗಳು. ತಾಶ್ಕೆಂಟಿನಲ್ಲಿ ಚಿತ್ರಕಲೆ ಕಲಿತು ಬಂದವಳು, ಒಂದು ದಿನ ಓಪಾ ಅವರ ಮುಂದೆ ಕೂತು ತನ್ನ ಯೋಜನೆ ಹೇಳಿದಳು. ಮನೆಬಿಟ್ಟು ದೂರದೇಶಕ್ಕೆ ಹೋಗುವವನು ಹೊಸಿಲಲ್ಲಿ ನಿಂತು ರೊಟ್ಟಿಯಿಂದ ಒಂದು ತುತ್ತು ಕಚ್ಚುತ್ತಾನೆ. ಉಳಿದದ್ದನ್ನು ತಾಯಿ ಗೋಡೆಗೆ ತೂಗುಹಾಕುತ್ತಾಳೆ. ಮಿಕ್ಕ ರೊಟ್ಟಿ ಅವನನ್ನು ಎಳೆದು ತರುತ್ತದೆ, ಬಂದವನು ಅದನ್ನು ತಾನೇ ಇಳಿಸಿ ತಿನ್ನಬೇಕು; ಹೆತ್ತವಳಲ್ಲದೆ ಬೇರೆಯವರು ಇಳಿಸಿದರೆ ಅವನ ಸಾವು ಬಯಸಿದಂತೆ. ರಷ್ಯಾದ ಕಟ್ಟಡ ಕೆಲಸಕ್ಕೆ ಹೋದ ಗಂಡಸರ ಇಂಥ ರೊಟ್ಟಿ ತೂಗದ ಮನೆ ನಮ್ಮ ಬೀದಿಗಳಲ್ಲಿ ಕಡಿಮೆ. ಅವನ್ನೆಲ್ಲ ಒಂದೇ ಗೋಡೆಯ ಮೇಲೆ ತಂದು ನಿಲ್ಲಿಸಬೇಕು, ಊರು ತನ್ನ ಖಾಲಿ ಜಾಗಗಳನ್ನು ಒಟ್ಟಿಗೆ ನೋಡಬೇಕು ಎಂಬುದು ಹುಡುಗಿಯ ಆಸೆ. ಓಪಾ ಪೂರ್ತಿ ಕೇಳಿದರು. ಆಮೇಲೆ, ತಾಯಂದಿರನ್ನು ಕೇಳುವ ಕೆಲಸ ನನ್ನದು ಎಂದರು.

ಮನೆಮನೆಗೂ ಅವರೇ ಹೋದರು, ನಾನೂ ಜೊತೆಗಿದ್ದೆ. ಕೆಲವರು ಕೂಡಲೇ ಒಪ್ಪಿದರು, ಕೆಲವರು ಅತ್ತರು, ಒಬ್ಬಾಕೆ ಬಾಗಿಲು ತೆರೆಯಲಿಲ್ಲ. ಕಾಲುವೆ ದಂಡೆಯ, ಊರಿಗೆಲ್ಲ ಖೋಲಾ ಅಂದರೆ ಚಿಕ್ಕಮ್ಮನಾದ ಹಮ್ರೋ ಖೋಲಾ ಎಂಬ ಮುದುಕಿಯ ಮನೆಗೆ ಎಷ್ಟು ಸಲ ಹೋದೆವೋ ನೆನಪಿಲ್ಲ. ಅವರ ಮಗ ಇಲ್ಹೋಮ್ ಹೋಗಿ ಎಷ್ಟೋ ವರ್ಷವಾಗಿತ್ತು. ಮೊದಲೆರಡು ವರ್ಷ ಫೋನು ಬರುತ್ತಿತ್ತು, ಆಮೇಲೆ ಅದೂ ನಿಂತಿತ್ತು. ಪ್ರತಿ ಸಲವೂ ಚಾ ಕುಡಿಸಿ, ಏಪ್ರಿಕಾಟ್ ತಿನ್ನಿಸಿ, ಇಲ್ಲವೆಂದು ಹೇಳಿ ಕಳಿಸುತ್ತಿದ್ದರು. ಕೊನೆಗೊಂದು ದಿನ ಅವರೇ ರೊಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಂದರು.

"ಕೊಡ್ತೀನಿ ಸನೋಬರ್. ಆದ್ರೆ ನನ್ ಮಗ ಬರೋವರ್ಗೂ ಇದನ್ನ ಯಾರೂ ಇಳಿಸ್ಬಾರ್ದು. ಭಾಷೆ ಕೊಡು."

ಓಪಾ ರೊಟ್ಟಿಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ.

ಊರಿನ ಬಡಗಿ ಪ್ರತಿ ರೊಟ್ಟಿಗೂ ತೆಳುವಾದ ಮರದ ಚೌಕಟ್ಟು ಮಾಡಿ, ಬೂಸ್ಟು ಹಿಡಿಯದೆ ಗಾಳಿಯಾಡಲೆಂದು ಹಿಂಬದಿಗೆ ಬರಿಯ ಬಲೆ ಹೊಡೆದು ಕೊಟ್ಟ. ತಾಯಂದಿರೇ ಬಂದು ರೊಟ್ಟಿಗಳನ್ನು ಕೂರಿಸಿದರು. ನಾನು ಎಂದಿನಂತೆ ಒಂದು ಭಾರಿ ಫಲಕ ಸಿದ್ಧಮಾಡಿದ್ದೆ. ವಲಸೆ, ವಿರಹ, ಧಾನ್ಯದ ಸಂಸ್ಕೃತಿ ಎಲ್ಲವೂ ಇತ್ತು. ಕೆಂಪು ಪೆನ್ಸಿಲ್ ಹರಿದಾಡಿದ ಮೇಲೆ ಗೋಡೆಯ ಕೆಳಗೆ ಉಳಿದದ್ದು ಎರಡೇ ಪದ: "ಇವರು ಬರಬೇಕಾಗಿದೆ."

ಜನ ಬಂದರು, ನೋಡಿದರು, ಸುಮ್ಮನೆ ನಿಂತು ಹೋದರು. ತಕರಾರು ಹುಟ್ಟಿದ್ದು ನವ್ರೂಜ್ ಹಬ್ಬದ ರಜೆಯಲ್ಲಿ, ಅದೂ ಓಪಾ ಅವರ ಕೈಯಿಂದಲೇ. ಆ ಕೋಣೆಗೆ ಪಶ್ಚಿಮದ ದೊಡ್ಡ ಕಿಟಕಿಯಿದೆ. ಸಂಗ್ರಹಾಲಯ ಕೆಲವು ದಿನ ಮುಚ್ಚಿರುವುದಾದರೆ, ಬಿಸಿಲಿಗೆ ಬಣ್ಣ ಮಾಸದಿರಲೆಂದು ಚೌಕಟ್ಟುಗಳನ್ನೆಲ್ಲ ಗೋಡೆಗೆ ಮುಖಮಾಡಿ ತಿರುಗಿಸಿಡುವುದು ಅವರು ಸೇರಿದ ದಿನದಿಂದ ಬಿಡದ ಅಭ್ಯಾಸ. ಹಬ್ಬದ ಹಿಂದಿನ ಸಂಜೆ, ಮನೆಯಲ್ಲಿ ಹಬ್ಬದ ಪಾಯಸದ ಕಡಾಯಿ ಒಲೆಯ ಮೇಲಿದೆ ಎಂಬ ಆತುರದಲ್ಲಿ, ಅವರು ಆ ಕೋಣೆಯ ಚೌಕಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ಬೀಗ ಹಾಕಿ ಹೋದರು. ಕೈಗೆ ಚೌಕಟ್ಟು ಕಂಡಿತ್ತು, ಒಳಗಿನ ರೊಟ್ಟಿ ಕಂಡಿರಲಿಲ್ಲ. ರಜೆ ಮುಗಿದ ಬೆಳಿಗ್ಗೆ, ಕಾವಲುಗಾರರು ಬೀಗ ತೆರೆದ ಮೇಲೆ, ಅವರು ಬರುವ ಮೊದಲೇ ಒಳಗೆ ಹೋದ ಯಾರೋ ನೋಡಿದ್ದು, ಊರಿನ ಮಕ್ಕಳ ರೊಟ್ಟಿಗಳೆಲ್ಲ ಬೋರಲಾಗಿ, ಬೆನ್ನು ತೋರಿಸಿ ತೂಗುತ್ತಿರುವ ಗೋಡೆಯನ್ನು.

ಮೇಜಿನ ಮೇಲೆ ಒಂದು ರೊಟ್ಟಿ ಬೋರಲಾದರೆ ಊಟ ಬಿಟ್ಟು ಏಳುವ ಜನ ನಾವು. ಆ ಯಾರೋ ತೆಗೆದ ಫೋಟೋ ಮಧ್ಯಾಹ್ನದೊಳಗೆ ಎಲ್ಲರ ಫೋನಿಗೂ ಮುಟ್ಟಿತು. ಕಲೆಯ ಹೆಸರಿನಲ್ಲಿ ಅನ್ನಕ್ಕೆ, ಅನ್ನ ಕೊಟ್ಟವನಿಗೆ ಅವಮಾನ ಮಾಡಿದ್ದಾರೆ ಎಂದರು. ಹುಡುಗಿ ಬೇಕೆಂದೇ ಮಾಡಿಸಿದ್ದಾಳೆ, ಹೊರದೇಶದವರ ಹಣವಿದೆ ಎಂದೂ ಸೇರಿಸಿದರು. ಇಲ್ಲದ ಹಣವನ್ನು ಇಷ್ಟು ಸುಲಭವಾಗಿ ಸಂಪಾದಿಸಿಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಶುಕ್ರವಾರದ ಪ್ರವಚನದಲ್ಲಿ ಇಮಾಮ್ ನಿಜೋಮಿದ್ದೀನರು, ರೊಟ್ಟಿಯನ್ನು ತಮಾಷೆ ಮಾಡುವ ಮನೆಯಲ್ಲಿ ಬರ್ಕತ್ತು ನಿಲ್ಲುವುದಿಲ್ಲ ಎಂದರು. ನಮಾಜು ಮುಗಿದದ್ದೇ ತಡ ಜನ ಸಂಗ್ರಹಾಲಯದ ಮುಂದೆ ಸೇರಿತು. ಇಮಾಮರೂ ಜೊತೆಯಲ್ಲಿದ್ದರು. ಆಡಳಿತ ಕಚೇರಿಯ ಅಧಿಕಾರಿ ಬಹ್ರೋಮ್ ಅಕಾ, ಸಂಜೆಯೊಳಗೆ ಗೋಡೆ ಖಾಲಿಯಾಗಬೇಕು, ಇಲ್ಲವೆಂದರೆ ಓಪಾ ತಮ್ಮ ಕುರ್ಚಿ ಖಾಲಿ ಮಾಡಬೇಕು ಎಂಬ ಆದೇಶದೊಡನೆ ಬಂದಿದ್ದರು.

ಮಫ್ತುನಾ ನನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಕುರ್ಚಿಯ ವಿಷಯ ಓಪಾ ಅವರ ಮನಸ್ಸಿಗೆ ತಟ್ಟಿದಂತೆ ಕಾಣಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು: "ಇಳಿಸಿದ್ರೆ ಹಮ್ರೋ ಖೋಲಾಗೆ ಏನಂತ ಹೇಳ್ಲಿ?" ಅವರು ತಲೆವಸ್ತ್ರ ಬಿಗಿದುಕೊಂಡು ಬಾಗಿಲಿಗೆ ಹೋದರು.

ನಾವು ಕೆಲವರು, ಫೋಟೋ ಸುಳ್ಳು, ಯಾರೋ ಹೊರಗಿನವರು ತಿರುಗಿಸಿರಬೇಕು ಎಂದು ಹೇಳಿಬಿಡಿ ಎಂದು ಮೊದಲೇ ಹೇಳಿಕೊಟ್ಟಿದ್ದೆವು. ಅವರು ಅದನ್ನು ಕೇಳಿಸಿಕೊಂಡ ಹಾಗೇ ಇರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ನಿಂತು ಎರಡೂ ಅಂಗೈ ಜನರಿಗೆ ತೋರಿಸಿದರು.

"ತಿರುಗಿಸಿದ್ದು ಈ ಕೈ. ಆ ಹುಡ್ಗಿಗೆ ಗೊತ್ತೇ ಇಲ್ಲ. ಬಿಸಿಲು ಬೀಳುತ್ತೆ ಅಂತ ಚಿತ್ರ ತಿರುಗಿಸೋ ಅಭ್ಯಾಸ ನಂದು, ರೊಟ್ಟಿ ಅನ್ನೋದನ್ನೇ ಮರ್ತೆ. ದೊಡ್ಡ ತಪ್ಪು. ಬನ್ನಿ, ನಿಮ್ ಮುಂದೇನೇ ಸರಿ ಮಾಡ್ತೀನಿ."

ರಜೆ ಮುಗಿದ ಬೆಳಿಗ್ಗೆ ಬಂದ ಕೂಡಲೇ ಅವರು ಚೌಕಟ್ಟುಗಳನ್ನು ನೆಟ್ಟಗೆ ಮಾಡಿದ್ದರು. ಆದರೂ ಜನರ ಎದುರು ಒಂದೊಂದು ಚೌಕಟ್ಟಿನ ಮುಂದೆಯೂ ನಿಂತು, ರೊಟ್ಟಿಗೆ ತುಟಿ ಸೋಕಿಸಿ, ಹಣೆ ಒತ್ತಿ ಮುಂದೆ ಹೋದರು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಬಹಳ ಹೊತ್ತು ಹಿಡಿಯಿತು. ಜನ ಮೊದಲು ಗೊಣಗುತ್ತಿದ್ದವರು ಆಮೇಲೆ ಟೋಪಿ ಸರಿಮಾಡಿಕೊಂಡು ಸುಮ್ಮನಾದರು. ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನವರು ಒಬ್ಬೊಬ್ಬರೇ ಮನೆಗೆ ಹೊರಟಿದ್ದರು.

ಬಹ್ರೋಮ್ ಅಕಾ ಹೊರಡಲಿಲ್ಲ. ತಪ್ಪೊಪ್ಪಿಗೆ ಬೇರೆ, ಆದೇಶ ಬೇರೆ. ಗೋಡೆ ಖಾಲಿಯಾಗಲೇಬೇಕು ಎಂದರು. ಇಲ್ಲಿ ಓಪಾ ಅವರು ನಾನು ನಿರೀಕ್ಷಿಸದ ಮಾತನ್ನಾಡಿದರು.

"ಇಳಿಸ್ಬೇಡಿ ಅನ್ನಲ್ಲ ತಮ್ಮಾ. ಕಚ್ಚಿದೋನು ಇಳಿಸ್ಬೇಕು, ಇಲ್ಲ ಅವ್ನ ಹೆತ್ತೋಳು ಇಳಿಸ್ಬೇಕು. ಬೇರೆಯವ್ರು ಇಳಿಸಿದ್ರೆ ಏನರ್ಥ ಅಂತ ನಿಮ್ಮನೇಲೂ ಗೊತ್ತು. ನಿಮ್ ಕೈಯಾರೆ ಆಗುತ್ತೆ ಅಂದ್ರೆ ಇಳಿಸಿ, ನಾನು ಏಣಿ ಹಿಡ್ಕೋತೀನಿ."

ಬಹ್ರೋಮ್ ಅಕಾ ಒಂದು ಹೆಜ್ಜೆ ಮುಂದಿಟ್ಟರು. ಮೊದಲ ಚೌಕಟ್ಟಿನ ಕೆಳಗೆ ಫಲಕವಿತ್ತು: ಇವರು ಬರಬೇಕಾಗಿದೆ. ಅದನ್ನು ಓದಿ ಕೈಯನ್ನು ಜೇಬಿಗೆ ಹಾಕಿಕೊಂಡರು. ಖೋಲ್‌ಮತ್ ಅಕಾ ಕಡೆ ತಿರುಗಿ, ನೀನು ಇಳಿಸು ಎಂದರು. ಸಂಬಳ ಬೇಕಾದರೆ ನಿಲ್ಲಿಸಿ, ಬೇರೆಯವರ ಮಗನ ಸಾವು ನನ್ನ ಕೈಯಿಂದ ಬೇಡ ಎಂದು ಆ ಮನುಷ್ಯ ಅಂಗಳಕ್ಕೇ ಹೋಗಿಬಿಟ್ಟರು. ಜೊತೆಗೆ ಬಂದಿದ್ದ ಇಬ್ಬರು ಪೊಲೀಸರು ಕಿಟಕಿಯಾಚೆ ಏನೋ ಅವಸರದ ವಿಷಯ ನೋಡುತ್ತಿದ್ದರು. ಉಳಿದವರು ಇಮಾಮರು. ಎಲ್ಲರೂ ಅವರ ಮುಖ ನೋಡಿದರು.

ಇಮಾಮ್ ನಿಜೋಮಿದ್ದೀನರು ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದರು. ಹಲ್ಲಿನ ಗುರುತುಗಳನ್ನು ಒಂದೊಂದಾಗಿ ನೋಡಿದರು. ಅಷ್ಟರಲ್ಲಿ ಸುದ್ದಿ ಕೇಳಿ ಓಡಿ ಬಂದಿದ್ದ ಹಮ್ರೋ ಖೋಲಾ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ಇಮಾಮರು ಆಕೆಯನ್ನು ನೋಡಿ, ಒಂದು ಕುರ್ಚಿ ತರಿಸಿ ಆಕೆಯನ್ನು ಕೂರಿಸಿ, ತಾವು ಗೋಡೆಯ ಎದುರು ನೆಲದ ಮೇಲೇ ಕೂತರು.

"ನನ್ ಕೈಲೂ ಆಗಲ್ಲ ಬಹ್ರೋಮ್" ಎಂದರು. "ಬಂದದ್ದು ಬಂದಿದೀವಿ. ಇವ್ರೆಲ್ಲ ಕ್ಷೇಮವಾಗಿ ಮನೆ ಸೇರ್ಲಿ ಅಂತ ಬೇಡ್ಕೊಳ್ಳೋಣ."

ಅವರು ಕೈಯೆತ್ತಿದರು, ಇದ್ದವರೆಲ್ಲ ಕೈಯೆತ್ತಿದರು. ಪೊಲೀಸರೂ ಎತ್ತಿದರು. ಚಿತ್ರಶಾಲೆಯಲ್ಲಿ ಹೀಗೆ ಪ್ರಾರ್ಥನೆ ನಡೆದದ್ದು ಸರಿಯೇ ಎಂದು ನಮ್ಮ ವಿದ್ಯಾವಂತ ಗೆಳೆಯರು ಆಮೇಲೆ ಕೇಳಿದ್ದುಂಟು. ನನಗಂತೂ ಆ ಹೊತ್ತು ಕಣ್ಣು ತುಂಬಿ ಬಂದು ಗೋಡೆಯೇ ಕಾಣುತ್ತಿರಲಿಲ್ಲ. ಬಹ್ರೋಮ್ ಅಕಾ ಹೊರಗೆ ಹೋಗಿ ಮೇಲಿನವರಿಗೆ ಫೋನು ಮಾಡಿ, ತಾಂತ್ರಿಕ ತೊಂದರೆಯಿಂದ ಪ್ರದರ್ಶನವನ್ನು ತೆಗೆಯಲಾಗುತ್ತಿಲ್ಲ ಎಂದು ತಿಳಿಸಿದರು. ಅಧಿಕಾರಿಯೊಬ್ಬ ಆಡಿದ ಅತ್ಯಂತ ಸತ್ಯವಾದ ಮಾತು ಅದೆಂದು ನಾನು ಈಗಲೂ ನಂಬಿದ್ದೇನೆ.

ಗೋಡೆ ಉಳಿಯಿತು, ಕುರ್ಚಿ ಉಳಿಯಲಿಲ್ಲ. ಬೇಸಿಗೆಯೊಳಗೆ ಓಪಾ ಅವರನ್ನು ನಿರ್ದೇಶಕಿಯ ಸ್ಥಾನದಿಂದ ಇಳಿಸಿ ಉಗ್ರಾಣಕ್ಕೆ ಹಾಕಿದರು. ನಾವು ಮುಖ ಸಪ್ಪೆ ಮಾಡಿಕೊಂಡು ಸಮಾಧಾನ ಹೇಳಲು ಹೋದರೆ, ಅವರು ಅಲ್ಲಿ ಅಂಗಿಯ ತೋಳು ಮಡಿಸಿಕೊಂಡು ಬೀರು ಒರೆಸುತ್ತಾ, ಇಷ್ಟು ವರ್ಷ ಸಭೆಗಳ ಕಾಟದಿಂದ ಈ ಬೀರುಗಳ ಕಡೆ ನೋಡಲೇ ಆಗಿರಲಿಲ್ಲ, ದೇವರು ದೊಡ್ಡವನು ಎಂದರು. ಹೊಸದಾಗಿ ಬಂದ ಸಾಹೇಬರು ಯಾವ ಬೀಗಕ್ಕೆ ಯಾವ ಕೀಲಿ ಎಂದು ಕೇಳಲು ದಿನಕ್ಕೆ ನಾಲ್ಕು ಸಲ ಮೆಟ್ಟಿಲಿಳಿದು ಬರುತ್ತಿದ್ದರು. ಎರಡು ವರ್ಷ ಇಳಿದು ಹತ್ತಿ ಸುಸ್ತಾದ ಮೇಲೆ ಅವರೇ ಬೇರೆ ಊರು ನೋಡಿಕೊಂಡರು. ಓಪಾ ಮತ್ತೆ ಮೇಲೆ ಬಂದರು. ಬಂದವರು ಮೊದಲು ಮಾಡಿದ ಕೆಲಸ, ಅಜ್ಜನನ್ನೂ ಹಮಾಮಿನ ಹೆಂಗಸನ್ನೂ ಬೀರುವಿನಿಂದ ಹೊರತಂದು ಒಂದೇ ಕೋಣೆಯಲ್ಲಿ ಎದುರುಬದುರು ತೂಗಿಸಿದ್ದು. ಪರದೆ ಬೇಡವೇ ಎಂದೆ. ಇಷ್ಟು ವರ್ಷ ಒಟ್ಟಿಗಿದ್ದಾರೆ, ಈಗ ಮನೆಯವರ ಹಾಗೆ ಎಂದರು.

ರೊಟ್ಟಿಗಳೂ ಒಂದೊಂದಾಗಿ ಹೋದವು. ಪ್ರದರ್ಶನ ಮುಗಿದಾಗ ಹೆಚ್ಚಿನ ತಾಯಂದಿರು ತಮ್ಮದನ್ನು ಮನೆಗೆ ಒಯ್ದರು. ತೋಹಿರ್ ಎಂಬ ತರುಣ ಮಾತ್ರ ಅದಕ್ಕೂ ಮೊದಲೇ, ರೈಲಿಳಿದವನು ಮನೆಗೂ ಹೋಗದೆ ಪೆಟ್ಟಿಗೆಗಳ ಸಮೇತ ನೇರ ನಮ್ಮಲ್ಲಿಗೆ ಬಂದ. ಅವನ ತಾಯಿ ಹಿಂದೆಯೇ ಓಡಿ ಬಂದಳು. ಕೋಣೆಯೊಳಗೆ ತಿನ್ನಬಾರದೆಂಬ ನಿಯಮ ಓಪಾ ಅವರೇ ಬರೆಸಿದ್ದು. ಅದರ ಕೆಳಗೇ ಅವನನ್ನು ಕೂರಿಸಿ, ತಮ್ಮ ಬಟ್ಟಲಲ್ಲಿ ಬಿಸಿ ಚಾ ತಂದುಕೊಟ್ಟರು. ಅವನು ಕಲ್ಲಿನಂತಾಗಿದ್ದ ರೊಟ್ಟಿಯನ್ನು ನೆನೆಸಿ ನೆನೆಸಿ ತಿಂದ. ಪ್ರದರ್ಶನದ ವಸ್ತುವನ್ನು ನೋಡಲು ಬಂದವನೇ ತಿಂದು ಮುಗಿಸಿದ್ದು ಬೇರೆಲ್ಲಾದರೂ ಹಗರಣವಾಗುತ್ತಿತ್ತು. ನಮ್ಮಲ್ಲಿ ಅದು ಹಬ್ಬವಾಯಿತು.

ಹಮ್ರೋ ಖೋಲಾ ಮಾತ್ರ ತಮ್ಮದನ್ನು ಒಯ್ಯಲಿಲ್ಲ. ಮನೆಯಲ್ಲಿ ಅದು ಒಂಟಿಯಾಗುತ್ತದೆ, ಇಲ್ಲಿ ಬರುವವರು ಹೋಗುವವರಿರುತ್ತಾರೆ ಎಂದರು. ಶುಕ್ರವಾರ ಶುಕ್ರವಾರ ಬಂದು ಅದರ ಎದುರು ಕೂತು ಹೋಗುತ್ತಿದ್ದರು. ಅವರ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಇಲ್ಹೋಮ್ ಇನ್ನೂ ಬಂದಿಲ್ಲ.

ನಿವೃತ್ತಿಯ ದಿನ ಓಪಾ ಕೀಲಿಗೊಂಚಲನ್ನು ನನ್ನ ಕೈಗೆ ಕೊಟ್ಟು, ಯಾವ ಕಿಟಕಿ ಮಳೆಗೆ ಸೋರುತ್ತದೆ, ಯಾವ ಬೀರುವಿಗೆ ಗೆದ್ದಲಿನ ಕಣ್ಣಿದೆ ಎಂದೆಲ್ಲ ಹೇಳಿ, ಕೊನೆಗೆ ಆ ಗೋಡೆಯ ಮುಂದೆ ನಿಲ್ಲಿಸಿದರು. "ಭಾಷೆ ನಂದು. ಇವತ್ತಿಂದ ನಿಂದು" ಎಂದರು. ನಾನು ರೊಟ್ಟಿಯ ಮೇಲೆ ಕೈಯಿಟ್ಟೆ. ಅವರು ತಾಶ್ಕೆಂಟಿನ ಮಗಳ ಮನೆಗೆ ಹೊರಟವರು; ನಮ್ಮ ಹಳೆಯ ಕಸೂತಿ ಬಟ್ಟೆಗಳ ಬಗ್ಗೆ ಬಹಳ ದಿನದಿಂದ ಬರೆಯಬೇಕೆಂದುಕೊಂಡಿದ್ದ ಪುಸ್ತಕವನ್ನು ಅಲ್ಲಿ ಕೂತು ಬರೆಯುತ್ತಾರಂತೆ. ಅದು ತೆಳ್ಳಗಿರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬೀಳ್ಕೊಡುಗೆಗೆ ಹೂವು, ಶಾಲು, ಭಾಷಣ ಎಲ್ಲ ಆದವು. ಭಾಷಣಗಳ ಹೊತ್ತಿನಲ್ಲಿ ಅವರು ಎರಡು ಸಲ ಕಿಟಕಿ ನೋಡಲು ಎದ್ದು ಹೋದರು. ಎಲ್ಲ ಮುಗಿದು ಬಾಗಿಲಿಗೆ ಬಂದಾಗ ಮಫ್ತುನಾ, ಅಪ್ಪನ ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಓಪಾ ಅದನ್ನು ನೋಡಿದರು, ನಮ್ಮನ್ನು ನೋಡಿದರು. ಅಷ್ಟು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ನಾನು ಕಂಡದ್ದು ಅಂದೇ. ಬಾಗಿ ಒಂದು ತುತ್ತು ಕಚ್ಚಿದರು. ಇದನ್ನು ಇಲ್ಹೋಮನ ರೊಟ್ಟಿಯ ಪಕ್ಕದಲ್ಲೇ ತೂಗುಹಾಕಿರಿ, ಅವನಿಗೆ ಜೊತೆಯಾಗಲಿ ಎಂದರು. ಆಮೇಲೆ ಅಗಿಯುತ್ತಲೇ, "ಒಣಗಿದ್ಮೇಲೆ ಇದನ್ನ ತಿನ್ನೋಕೆ ನನಗೆ ಹಲ್ಲಿರ್ಬೇಕಲ್ಲೋ" ಎಂದರು.

"ಹಲ್ಲಿನ್ ಚಿಂತೆ ನಿಮಗ್ಯಾಕೆ, ಚಾಯಲ್ಲಿ ನೆನೆಸಿ ಕೊಡ್ತೀವಿ. ನೀವ್ ಬನ್ನಿ ಸಾಕು" ಎಂದರು ಖೋಲ್‌ಮತ್ ಅಕಾ.

ಆ ರೊಟ್ಟಿಯ ಕೆಳಗೆ ಹಾಕಲೆಂದು ನಾನು ಒಂದು ಫಲಕ ಬರೆದೆ. ಅವರ ಸೇವೆ, ಸಾಧನೆ, ಸಹನೆ ಎಲ್ಲವೂ ಅದರಲ್ಲಿತ್ತು. ತಿದ್ದಲು ಪಕ್ಕದ ಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಮುಂದೆ ಹಿಡಿದು ನೋಡಿ, ಹರಿದು ಹಾಕಿದೆ. ಅಲ್ಲಿ ಹಳೆಯ ಫಲಕ ಇನ್ನೂ ಇದೆ, ಇಬ್ಬರಿಗೂ ಅದು ಸಾಲುತ್ತದೆ. ನೂರು ವರ್ಷ ಬಾಳಿ ಎಂದು ಎಲ್ಲರೂ ಹರಸಿದ್ದಾರೆ, ನಾನೂ ಹರಸುತ್ತೇನೆ. ಆದರೆ ಓಪಾ, ಪುಸ್ತಕ ಮುಗಿಸಿ ಬೇಗ ಬನ್ನಿ. ನಿಮ್ಮ ರೊಟ್ಟಿ ಗೋಡೆಯ ಮೇಲಿದೆ, ಅದನ್ನು ನಾವ್ಯಾರೂ ಇಳಿಸುವಂತಿಲ್ಲ.